ಟಗರಿನ ಹಗ್ಗ, ವೈನಿಯ ಡಿಗ್ರಿ

ನಮ್ಮ ಮನೆಯ ಟಗರನ್ನು ಸೆಕೆಂಡಿಗೆ ನೂರೆಂಟು ಮೀಟರ್ ವೇಗದಲ್ಲಿ ಓಡಿಸಿದವನು ನಾನು. ಮೂರು ಮೀಟರ್ ಹಗ್ಗಕ್ಕೆ ಕಟ್ಟಿ, ಒಂದೇ ಗೂಟದ ಸುತ್ತ. ತಾಸಿಗೆ ಲೆಕ್ಕ ಹಾಕಿದರೆ ಮುನ್ನೂರ ಎಂಬತ್ತೊಂಬತ್ತು ಕಿಲೋಮೀಟರ್ ಆಗುತ್ತದೆ. ಹಗ್ಗ ಬಿಚ್ಚಿ ನೆಟ್ಟಗೆ ಬಿಟ್ಟಿದ್ದರೆ, ನಾನು ನಮ್ಮೂರು ಕುಲಗೋಡದಲ್ಲಿ ಕೂತು ಒಂದು ಕಪ್ಪು ಚಹಾ ಮುಗಿಸುವಷ್ಟರಲ್ಲಿ ಅದು ಹುಕ್ಕೇರಿ ಮುಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ನನ್ನ ದಾರಿ ಕಾಯುತ್ತಿತ್ತು.

ಇದೆಲ್ಲ ಕಾಗದದ ಮೇಲೆ ನಡೆದದ್ದು. ನಿಜವಾದ ಟಗರು ಆ ಹೊತ್ತಿಗೆ ಅಂಗಳದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ತನ್ನ ಹೆಸರಿನಲ್ಲಿ ಇಂಥ ದಾಖಲೆ ಆಗಿದ್ದು ಅದಕ್ಕೆ ಇವತ್ತಿಗೂ ಗೊತ್ತಿಲ್ಲ.

ಉತ್ತರದ ಕೆಳಗೆ ಎರಡು ಗೆರೆ ಎಳೆದು, ಗೆದ್ದವನಂತೆ ಅಡುಗೆಮನೆಗೆ ಹೋಗಿ ವೈನಿಯ ಮುಂದೆ ಹಿಡಿದೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ನನ್ನ ಲೆಕ್ಕದ ಮೇಡಂ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಓದಿದರು. ಸಿಟ್ಟು ಬಂದಾಗ ಮಾತ್ರ ಅವರು ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದರು.

"ಮೈದುನ್ರ."

"ಏನ್ರಿ ವೈನಿ?"

"ನಮ್ಮ ಹತ್ತರಗಿ ಹೈವೇದಾಗ ಕಾರ್ ಸುದ್ದಾ ಇಷ್ಟ ಜೋರ ಹೋಗಂಗಿಲ್ಲ. ಈ ಟಗರಿಗೆ ಏನ್ ತಿನ್ಸೀರಿ?"

"ಕಬ್ಬಿನ ರವದಿ ತಿಂದೈತ್ರಿ. ಇವತ್ತ ಸ್ವಲ್ಪ ಹಸಿದಿತ್ತು, ಅದಕ್ಕ ಇರಬೇಕು."

ಅವರು ನಗಲಿಲ್ಲ. ನಗದೇ ಇರುವುದಕ್ಕೆ ಅವರಿಗೆ ಕಾರಣವಿತ್ತು. ಆ ಕಾರಣ ನಾನೇ.

ವೈನಿ ಮದುವೆಯಾಗಿ ನಮ್ಮ ಮನೆಗೆ ಬಂದದ್ದು ಹುಕ್ಕೇರಿ ಕಡೆಯ ಹತ್ತರಗಿಯಿಂದ. ಬಿ.ಎಸ್ಸಿ. ಓದಿದವರು, ಅದರಲ್ಲೂ ಲೆಕ್ಕ ಅಂದರೆ ಪ್ರಾಣ. ಕುರಿ, ಕಬ್ಬು, ಜೋಳ ಬಿಟ್ಟು ಬೇರೆ ಯಾವ ವಿಷಯದಲ್ಲೂ ಯಾರೂ ಪಾಸಾಗದ ನಮ್ಮ ಮನೆಯಲ್ಲಿ ಡಿಗ್ರಿ ಇದ್ದವರು ಅವರೊಬ್ಬರೇ. ಅವ್ವ ಇದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದಳು. "ನಮ್ಮ ಸೊಸಿ ಡಿಗ್ರಿ ಆಗ್ಯಾಳ" ಅನ್ನುವಾಗ, ಏನೋ ಒಂದು ದೊಡ್ಡ ಆಭರಣ ಹಾಕಿಕೊಂಡವಳ ಹಾಗೆ ಕತ್ತು ಸ್ವಲ್ಪ ಮೇಲೆ ಹೋಗುತ್ತಿತ್ತು. ಆದರೆ ಆ ಡಿಗ್ರಿಯ ಮುಂದೆ ಏನು ಅಂತ ಅವ್ವ ವಿಚಾರ ಮಾಡಿರಲಿಲ್ಲ. ವೈನಿ ಮಾಡಿದ್ದರು. ಗೋಕಾಕದಲ್ಲಿ ಬಿ.ಎಡ್. ಓದಬೇಕು, ಸಾಲಿಯಲ್ಲಿ ಲೆಕ್ಕ ಕಲಿಸಬೇಕು. ಇದನ್ನು ಒಂದು ದಿನ ಊಟದ ಹೊತ್ತಿನಲ್ಲಿ, ಪಲ್ಯ ಬಡಿಸುತ್ತಾ, ಬಹಳ ಸಣ್ಣ ದನಿಯಲ್ಲಿ ಹೇಳಿದರು.

ಅಪ್ಪ ಕುರಿ ಹಿಂಡು ಹೊಡೆದುಕೊಂಡು ದೂರದ ಹೊಲಗಳಿಗೆ ಹೋದರೆ ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಹಾಗಾಗಿ ನಮ್ಮ ಮನೆಯ ಹೈಕೋರ್ಟು ಅವ್ವ. ಅಣ್ಣ ತನ್ನ ತಾಟಿನಲ್ಲಿ ಏನೋ ಕಳೆದುಕೊಂಡವನ ಹಾಗೆ ಹುಡುಕತೊಡಗಿದ. ಅವ್ವ ನನ್ನತ್ತ ನೋಡಿದಳು. ನಾನು ಮೂಡಲಗಿಯ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಲೆಕ್ಕದಲ್ಲಿ ಆಗಷ್ಟೇ ಫೇಲಾಗಿ ಬಂದು, ನಾಚಿಕೆ ಇಲ್ಲದೆ ನಾಲ್ಕನೇ ರೊಟ್ಟಿ ಕೇಳುತ್ತಿದ್ದೆ.

"ಕಲಿಸೂ ಹುಚ್ಚ ಅಷ್ಟ ಇದ್ರ ಮೊದ್ಲ ಈ ಕತ್ತಿಗೆ ಕಲಸ," ಅಂದಳು ಅವ್ವ. ಕತ್ತಿ ಅಂದರೆ ಕತ್ತೆ, ಅಂದರೆ ನಾನು. "ಇಂವ ಪಾಸಾಗ್ಲಿ, ನೀ ಗೋಕಾಕಕ್ಕ ಹೋಗುವಂತಿ."

ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಎಲ್ಲ ಆಸೆಯೂ ಆರಿಹೋಗಿತ್ತು. ವೈನಿಯನ್ನು ಕಳಿಸಬಾರದು ಅಂತ ಅವ್ವನಿಗೆ ಮನಸ್ಸಿದ್ದಿದ್ದರೆ, ನನಗಿಂತ ಗಟ್ಟಿಯಾದ ಬಾಗಿಲು ಆಕೆಗೆ ಸಿಗುತ್ತಿರಲಿಲ್ಲ.

ಆದರೆ ವೈನಿ ಖುಷಿಯಾದರು. ಮರುದಿನದಿಂದಲೇ ಪಾಠ ಶುರು. ಮರುಪರೀಕ್ಷೆಗೆ ಬಹಳ ಸಮಯ ಇರಲಿಲ್ಲವಾದ್ದರಿಂದ ಅವರು ಎಲ್ಲಿದ್ದರೆ ಅಲ್ಲೇ ಕ್ಲಾಸು. ರೊಟ್ಟಿ ಬಡಿಯುತ್ತಾ, "ನೋಡ, ಬಡದಾಂಗ ತ್ರಿಜ್ಯ ಬೆಳೀತೈತಿ. ತ್ರಿಜ್ಯ ಒಂದ ವೇಗದಾಗ ಬೆಳದ್ರ ರೊಟ್ಟಿ ಅಗಲ ಯಾವ ವೇಗದಾಗ ಬೆಳೀತೈತಿ?" ಅಂತ ಕೇಳುವರು. "ಅದ ನನ್ನ ಹಸಿವಿನ ಮ್ಯಾಲೈತ್ರಿ" ಅಂದರೆ ಹಿಟ್ಟಿನ ಕೈ ಬೀಸುವರು. ಒಂದು ಬದಲಾದರೆ ಅದಕ್ಕೆ ಕಟ್ಟಿಕೊಂಡ ಇನ್ನೊಂದೂ ಬದಲಾಗುತ್ತದೆ, ಎರಡರ ವೇಗಕ್ಕೂ ಸಂಬಂಧ ಇರುತ್ತದೆ ಅನ್ನುವುದು ಇಷ್ಟೇ ಇಷ್ಟು ನನ್ನ ತಲೆಗೆ ಹೋಯಿತು. ರೊಟ್ಟಿಯವರೆಗೆ ನಾನು ಬುದ್ಧಿವಂತನೇ.

ಸಮಸ್ಯೆ ಬಂದದ್ದು ಸುತ್ತುವ ಲೆಕ್ಕದಲ್ಲಿ. ಪುಸ್ತಕದಲ್ಲಿ ಯಾರೋ ಒಬ್ಬ ಗುಂಡಗಿನ ಮೈದಾನದ ಅಂಚಿನಲ್ಲಿ ಓಡುತ್ತಾನೆ, ಅವನ ಗೆಳೆಯ ದೂರದಲ್ಲಿ ನಿಂತು ನೋಡುತ್ತಾನೆ, ಇಬ್ಬರ ನಡುವಿನ ಅಂತರ ಯಾವ ವೇಗದಲ್ಲಿ ಬದಲಾಗುತ್ತದೆ ಅಂತ ಪ್ರಶ್ನೆ.

"ಇಂವ ಯಾಕ ಓಡಾಕತ್ತಾನ್ರಿ? ನಾಯಿ ಬೆನ್ನ ಹತ್ತೇತೇನು?"

"ಓಡ್ತಾನ ಅಷ್ಟ."

"ಗೆಳ್ಯಾ ಯಾಕ ಸುಮ್ನ ನಿಂತಾನು? ಹೋಗಿ ಬಿಡಸಬೇಕಿಲ್ಲ?"

ವೈನಿ ಪುಸ್ತಕ ಮುಚ್ಚಿದರು. ಕಿಟಕಿಯಿಂದ ಅಂಗಳ ನೋಡಿದರು. ಅಲ್ಲಿ ಟಗರು ಹಗ್ಗ ಬಿಗಿ ಹಿಡಿದು ಗೂಟದ ಸುತ್ತ ತಿರುಗುತ್ತಿತ್ತು. ದಿನಾ ತಿರುಗಿ ತಿರುಗಿ ಮಣ್ಣಿನಲ್ಲಿ ಒಂದು ಗುಂಡನೆಯ ದಾರಿ ಬಿದ್ದಿತ್ತು. ಅದರಾಚೆಗೆ ಕಟ್ಟೆಯ ಮೇಲೆ ಅವ್ವ ಕೂತು ಅಕ್ಕಿ ಆರಿಸುತ್ತಿದ್ದಳು.

"ಬರಕೊ," ಅಂದರು. "ಹಗ್ಗ ಮೂರ ಮೀಟರ್. ಟಗರ ಹತ್ತ ಸೆಕೆಂಡಿಗೆ ಒಂದ ಸುತ್ತ ಹಾಕ್ತೈತಿ. ಗೂಟದಿಂದ ಐದ ಮೀಟರ್ ದೂರ ನಮ್ಮತ್ತಿ ಕುಂತಾರ. ಟಗರ ಅವರಿಂದ ನಾಕ ಮೀಟರ್ ದೂರ ಇದ್ದು, ಇನ್ನೂ ದೂರ ಹೊಂಟೈತಿ. ಆ ಗಳಿಗ್ಯಾಗ ಅದು ಯಾವ ವೇಗದಾಗ ದೂರ ಹೋಗ್ತೈತಿ?"

ಹೀಗೆ ಅವ್ವ ತನಗೆ ಗೊತ್ತಿಲ್ಲದೆ ಕ್ಯಾಲ್ಕುಲಸ್ಸಿನೊಳಗೆ ಬಂದಳು.

ನಾನು ಚಿತ್ರ ಬರೆದೆ. ಮೂರು, ನಾಲ್ಕು, ಐದರ ತ್ರಿಕೋನ ಚೆಂದಾಗಿ ಕೂತಿತು. ಅಂತರಕ್ಕೂ ಗೂಟದ ಹತ್ತಿರದ ಕೋನಕ್ಕೂ ಸಂಬಂಧ ಬರೆದು, ಎರಡೂ ಕಡೆ ಕಾಲದ ಲೆಕ್ಕದಲ್ಲಿ ಅವಕಲನ ಮಾಡಿದೆ. ಕೊನೆಗೆ ಉತ್ತರ ಮೂರು ಗುಣಿಸು ಕೋನದ ವೇಗ ಅಂತ ಬಂತು. ಅಲ್ಲಿಯವರೆಗೆ ಒಂದೂ ತಪ್ಪಿರಲಿಲ್ಲ, ನಂಬಿ. ಹತ್ತು ಸೆಕೆಂಡಿಗೆ ಮುನ್ನೂರ ಅರವತ್ತು ಡಿಗ್ರಿ ಆದರೆ ಸೆಕೆಂಡಿಗೆ ಮೂವತ್ತಾರು. ಮೂರು ಮೂವತ್ತಾರ್ಲೆ ನೂರೆಂಟು. ಜಪಮಾಲೆಯ ಮಣಿಯಷ್ಟೇ ಬಂದದ್ದು ನೋಡಿ ದೇವರೇ ಮೆಚ್ಚಿ ಕೊಟ್ಟ ಉತ್ತರ ಅಂದುಕೊಂಡೆ.

"ಡಿಗ್ರಿ ಹಾಕಬಾರ್ದೋ," ಅಂದರು ವೈನಿ. "ರೇಡಿಯನ್ ಹಾಕಬೇಕು. ಈ ಸೂತ್ರ ಎಲ್ಲಾ ರೇಡಿಯನ್ನಾಗ ಇದ್ರ ಅಷ್ಟ ಖರೆ ಆಗ್ತಾವು."

ಒಪ್ಪಿದೆ. ಮರುದಿನ ಮತ್ತೆ ಡಿಗ್ರಿ ಹಾಕಿದೆ. ಅದರ ಮರುದಿನವೂ. ಸಣ್ಣ ಸಾಲಿಯಿಂದ ಕೋನಮಾಪಕ ಹಿಡಿದು ಬೆಳೆದವನು ನಾನು, ಡಿಗ್ರಿ ನನ್ನ ಬಾಲ್ಯದ ಗೆಳೆಯ. ರೇಡಿಯನ್ ಅನ್ನುವವನು ಯಾವ ಊರಿನವನೋ, ಮುಖ ನೋಡಿದವರಿಲ್ಲ. ಕೊನೆಗೆ ಒಂದು ಸಂಜೆ ವೈನಿಯ ತಾಳ್ಮೆ ಹರಿಯಿತು. ದನಿ ಎತ್ತಿದವರೇ ಅಲ್ಲ, ಆವತ್ತು 'ರಿ' ಹಚ್ಚುವುದನ್ನೂ ಮರೆತು ಎತ್ತಿದರು.

"ಡಿಗ್ರಿ ಬಿಡೋ ಮಾರಾಯಾ! ನೂರ ಸಲ ಹೇಳೇನಿ. ಡಿಗ್ರಿ ಹಿಡ್ಕೊಂಡ ಕುಂತ್ರ ಜಲ್ಮದಾಗ ಉದ್ಧಾರ ಆಗಂಗಿಲ್ಲ ನೀ!"

ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದ ಅವ್ವನ ಚರಿಗೆಯಲ್ಲಿ ಹಾಲು ಬೀಳುವ ಸದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಅವ್ವ ನನ್ನನ್ನು ಹಿತ್ತಲಿಗೆ ಕರೆದು, "ಏನಂದ್ಳೋ ಆಕಿ ನಿನಗ?" ಅಂತ ಕೇಳಿದಳು. ಇಲ್ಲಿ ಒಬ್ಬ ಸಾಮಾನ್ಯ ಬುದ್ಧಿಯ ಮನುಷ್ಯ ಇದ್ದಿದ್ದರೆ ಏನು ಹೇಳಬೇಕೋ ಅದನ್ನು ಹೇಳುತ್ತಿದ್ದ. ನನಗೆ ಅವ್ವನ ಗಾಬರಿಯ ಮುಖ ನೋಡಿ ಕುಶಾಲು ಮಾಡುವ ಮನಸ್ಸಾಯಿತು.

"ಖರೇನ ಬೇ. ಡಿಗ್ರಿ ಬಿಟ್ಟಬಿಡು ಅಂತಾರ. ಡಿಗ್ರಿಯಿಂದ ಟಗರ ಸುದ್ದಾ ದಾರಿ ತಪ್ತೈತಿ ಅಂತಾರ."

ಇದು ನಗುವ ಮಾತು, ಅವ್ವ ಈಗ ನಗುತ್ತಾಳೆ ಅಂತ ಕಾದೆ. ಅವ್ವ ನಗಲಿಲ್ಲ. ಹಾಲಿನ ಚರಿಗೆ ಹಿಡಿದು ನೆಟ್ಟಗೆ ಅಡುಗೆಮನೆಗೆ ಹೋದಳು.

"ಡಿಗ್ರಿ ಆಗಿ ಬಂದಾಕಿ ನೀ. ಊರ ತುಂಬ ಹೇಳ್ಕೊಂಡ ತಿರಗೇನಿ ನಾ. ನನ್ನ ಮಗಗ ಡಿಗ್ರಿ ಬಿಡು ಅಂತಿ? ಡಿಗ್ರಿ ಅಷ್ಟ ಹೊಲಸ ಇದ್ರ ನಿನಗೂ ಬ್ಯಾಡ. ಬಿ.ಎಡ್. ಗಿ.ಎಡ್. ಏನೂ ಬ್ಯಾಡ ತಗಿ."

ವೈನಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಅವರಿಗೆ ಏನೂ ತಿಳಿದಿರಲಿಲ್ಲ. ಅವ್ವ ಕಳಿಸಬಾರದು ಅಂತ ನೆಪ ಹುಡುಕುತ್ತಿದ್ದಳು, ಇವತ್ತು ಸಿಕ್ಕಿತು ಅಂತ ಅವರು ಅಂದುಕೊಂಡರು. ಸೆರಗಿಗೆ ಕೈ ಒರೆಸಿಕೊಂಡು, "ಆತ್ರಿ ಅತ್ತಿ" ಅಂದು ಒಲೆಯ ಕಡೆ ತಿರುಗಿದರು.

ಆಗ ನಾನು ನಗಲು ತೆರೆದಿದ್ದ ಬಾಯಿ ಮುಚ್ಚಿಕೊಂಡೆ.

ಮರುದಿನ ಪಾಠ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಬರುತ್ತಿತ್ತು, ಅದೂ ನಿಧಾನವಾಗಿತ್ತು. ಮೊದಲು ವೈನಿಯ ಕೈ ಕೆಳಗೆ ರೊಟ್ಟಿ ಗಿರ್ರನೆ ತಿರುಗುತ್ತಿತ್ತು. ಈಗ ಒಂದು ಪೆಟ್ಟು, ಸ್ವಲ್ಪ ಸುಮ್ಮನೆ, ಇನ್ನೊಂದು ಪೆಟ್ಟು. ಯಾವುದು ಬದಲಾದದ್ದಕ್ಕೆ ಯಾವುದು ಬದಲಾಗಿದೆ ಅಂತ ಈ ಲೆಕ್ಕದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವ್ವನ ಹತ್ತಿರ ಹೋಗಿ ನಿಜ ಹೇಳಿದೆ. "ಯವ್ವಾ, ಅದು ಕಾಲೇಜಿನ ಡಿಗ್ರಿ ಅಲ್ಲ ಬೇ. ಸುತ್ತ ಅಳೆಯೂ ಡಿಗ್ರಿ. ನಾ ಚ್ಯಾಷ್ಟಿ ಮಾಡಿದ್ನಿ."

"ಸುತ್ತ ಅಳೆಯೂ ಡಿಗ್ರಿ ಅಂತ," ಅಂದಳು ಅವ್ವ. "ಮೊನ್ನೆ ಎಮ್ಮಿ ಇಂಗ್ಲಿಷ್ ಮಾತಾಡ್ತು ಅಂದಿದ್ದಿ. ಹ್ವಾದ ವಾರ ನಿಮ್ಮಪ್ಪ ಟಿವ್ಯಾಗ ಬಂದಾನ ಅಂತ ನನ್ನ ಹೊಲದಿಂದ ಓಡಿಸ್ಕೊಂಡ ಬಂದಿ. ನಡಿ ಅತ್ತಾಗ."

ಇದು ನನ್ನ ಬದುಕಿನ ದುರಂತ. ನಾನು ಹೇಳುವ ಸುಳ್ಳನ್ನು ಎಲ್ಲರೂ ನಂಬುತ್ತಾರೆ. ನಿಜ ಹೇಳಿದಾಗ ಮಾತ್ರ ಮೈ ಮುಟ್ಟಿ ಜ್ವರ ಇದೆಯೇ ಅಂತ ನೋಡುತ್ತಾರೆ. ವೈನಿಗೂ ಹೇಳಿದೆ. ಅವರು ಎಲ್ಲ ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ, "ನಿನಗ ನಾ ಏನ್ ಮಾಡೀನೋ?" ಅಂದರು. ಬೈದಿದ್ದರೆ ಚಲೋ ಇತ್ತು.

ಬಾಯಿ ಕೆಲಸಕ್ಕೆ ಬಾರದು ಅಂತ ಗೊತ್ತಾದ ಮೇಲೆ ಕೈಗೆ ಕೆಲಸ ಕೊಡಲು ತೀರ್ಮಾನಿಸಿದೆ. ಬೆಳಿಗ್ಗೆ ಅವ್ವ ಕಟ್ಟೆಯ ಮೇಲೆ ಬಂದು ಕೂತ ಹೊತ್ತು ನೋಡಿ ಅಂಗಳಕ್ಕೆ ಇಳಿದು, ಟಗರಿನ ಕೊರಳಿನಿಂದಲೂ ಗೂಟದಿಂದಲೂ ಹಗ್ಗ ಬಿಚ್ಚಿದೆ. ರೇಡಿಯನ್ ಅಂದರೆ ಏನು ಅಂತ ವೈನಿ ಮೊದಲ ದಿನವೇ ಹೇಳಿದ್ದರು: ಸುತ್ತಿನ ತ್ರಿಜ್ಯ ಎಷ್ಟಿದೆಯೋ ಅಷ್ಟೇ ಉದ್ದವನ್ನು ಸುತ್ತಿನ ಅಂಚಿನ ಮೇಲೆ ಹಾಸಿದರೆ ಗೂಟದ ಹತ್ತಿರ ಎಷ್ಟು ಕೋನ ಆಗುತ್ತದೆಯೋ ಅದು ಒಂದು ರೇಡಿಯನ್. ತ್ರಿಜ್ಯ ಅಂದರೆ ಇಲ್ಲಿ ಹಗ್ಗ. ಹಗ್ಗವನ್ನೇ ಟಗರಿನ ದಾರಿಯ ಮೇಲೆ ಹಾಸಿ ಅವ್ವನಿಗೆ ತೋರಿಸಬೇಕು ಅಂತ ನನ್ನ ಯೋಜನೆ. ಅದರಲ್ಲಿ ಟಗರಿನ ಯೋಜನೆ ಏನು ಅಂತ ನಾನು ಕೇಳಿರಲಿಲ್ಲ.

ಹಗ್ಗ ಹಿಡಿದು ಬಗ್ಗಿದೆ. ಅಷ್ಟೇ ನೆನಪು. ಆಮೇಲೆ ನಾನು ಹುಲ್ಲಿನ ಬಣವೆಯ ಹತ್ತಿರ ಮುಖ ಕೆಳಗೆ ಮಾಡಿ ಬಿದ್ದಿದ್ದೆ. ಹಿಂದಿನಿಂದ ಬಂದ ಟಗರಿನ ವೇಗ ನೂರೆಂಟು ಮೀಟರ್ ಇರಲಾರದು ಅಂತ ಈಗ ಹೇಳುತ್ತೇನೆ, ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ.

"ಅಯ್ಯ! ಟಗರ ಬಿಟ್ಟ ಹಗ್ಗಕ್ಕ ಮುದ್ದ ಮಾಡಾಕತ್ತಿಯೇನೋ ಹುಚ್ಚಪ್ಯಾಲಿ?" ಅವ್ವ ಕಟ್ಟೆಯಿಂದ ಎದ್ದು ಬಂದಳು. ಗದ್ದಲ ಕೇಳಿ ವೈನಿ ಹೊರಗೆ ಓಡಿ ಬಂದರು. ನನ್ನನ್ನು ನೋಡಿ, ಟಗರನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡರು. ಎಷ್ಟೋ ದಿನದ ಮೇಲೆ ನಕ್ಕರು. ಅವರು ನಕ್ಕದ್ದು ನೋಡಿ ಅವ್ವನೂ ನಕ್ಕಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಜಗಳ ನೆನಪಾಗಿ, ಗಪ್ಪನೆ ಮುಖ ತಿರುಗಿಸಿದರು.

ನಾನು ಬಿದ್ದಲ್ಲಿಂದಲೇ ಕೂಗಿದೆ. "ಯವ್ವಾ, ಹಗ್ಗದ ತುದಿ ತುಳದ ನಿಂದ್ರ ಬೇ. ಅಲ್ಲೆ, ಟಗರಿನ ದಾರಿ ಮ್ಯಾಲ. ವೈನಿ, ನೀವ್ ಇನ್ನೊಂದ ತುದಿ ಹಿಡೀರಿ. ದಾರಿ ಹೆಂಗ ತಿರಗೇತಿ ಹಂಗ ಹಾಸ್ರಿ."

ನಾನು ಅಷ್ಟು ಗಂಭೀರವಾಗಿ ಮಾತಾಡಿದ್ದು ಅವರು ಯಾವತ್ತೂ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಇಬ್ಬರೂ ಮಾಡಿದರು. ಟಗರು ಅಷ್ಟರಲ್ಲಿ ಬಣವೆಯ ಹುಲ್ಲಿಗೆ ಬಾಯಿ ಹಾಕಿತ್ತು. ವೈನಿ ಹಗ್ಗ ಹಾಸಿಕೊಂಡು ಹೋಗಿ ತುದಿಗೆ ಕಾಲಿಡುವರು, ಅವ್ವ ಅಲ್ಲಿಗೆ ಬಂದು ಆ ಗುರುತಿನ ಮೇಲೆ ನಿಲ್ಲುವಳು, ವೈನಿ ಮತ್ತೆ ಮುಂದೆ ಹೋಗುವರು. ಅತ್ತೆ ಬಂದು ನಿಂತ ಜಾಗದಿಂದ ಸೊಸೆ ಹೊರಡುವುದು, ಸೊಸೆ ನಿಂತ ಜಾಗಕ್ಕೆ ಅತ್ತೆ ಬರುವುದು. ಇಬ್ಬರೂ ಮಾತಾಡುತ್ತಿರಲಿಲ್ಲ. ಆದರೆ ಅರ್ಧ ಸುತ್ತು ಆಗುವ ಹೊತ್ತಿಗೆ ಅವ್ವ, "ಅಲ್ಲೆ ಸೆಗಣಿ ಐತಿ, ಕಾಲ ನೋಡ" ಅಂದಳು. ವೈನಿ "ಹೂನ್ರಿ" ಅಂದರು.

ಆರು ಹಗ್ಗ ಆಯಿತು. ಸುತ್ತು ಮುಗಿಯಲು ಇನ್ನೂ ಸ್ವಲ್ಪ ಉಳಿದಿತ್ತು. ಅವ್ವ ಬಗ್ಗಿ ಮೊಳ ಹಾಕಿ ನೋಡಿದಳು. ಎರಡು ಮೊಳಕ್ಕೆ ಚೂರು ಕಡಿಮೆ.

"ಇದ ನೋಡ್ರಿ ಅತ್ತಿ ರೇಡಿಯನ್," ಅಂದರು ವೈನಿ. ಮಾತು ಅವರಿಗೇ ತಿಳಿಯದಂತೆ ಹೊರಗೆ ಬಂತು. "ಹಗ್ಗ ಉದ್ದ ಇರ್ಲಿ, ಗಿಡ್ಡ ಇರ್ಲಿ, ಸುತ್ತಿಗೆ ಆರ ಹಗ್ಗ ಮತ್ತ ಇಷ್ಟ ಚೂರು. ಹತ್ತ ಸೆಕೆಂಡಿನ್ಯಾಗ ಇಷ್ಟ ಹಗ್ಗ ನಡದ್ರ, ಒಂದ ಸೆಕೆಂಡಿಗೆ ಅರ್ಧಾ ಹಗ್ಗಕ್ಕಿಂತ ತುಸು ಜಾಸ್ತಿ. ಅಂದ್ರ ಎರಡ ಮೀಟರ್ ಸುದ್ದಾ ಆಗಂಗಿಲ್ಲ. ನಮ್ಮ ಟಗರ ಅಷ್ಟ ಓಡ್ತೈತಿ. ಇಂವ ಇದ ಸುತ್ತಿಗೆ ಮುನ್ನೂರ ಅರವತ್ತ ಗುರ್ತಾ ಹಾಕಿ, ಅದನ್ನ ಹಿಡ್ಕೊಂಡ ಲೆಕ್ಕಾ ಮಾಡ್ತಾನ. ಆ ಗುರ್ತಿಗೆ ಡಿಗ್ರಿ ಅಂತಾರ. ಅದನ್ನ ಬಿಡು ಅಂದಿದ್ನಿ ನಾ."

ಅವ್ವ ಮಣ್ಣಿನ ಮೇಲಿನ ಹಗ್ಗ ನೋಡಿದಳು.

"ಅದಕ್ಕೂ ಡಿಗ್ರಿ ಅಂತಾರೇನು?"

"ಹೂನ್ರಿ."

"ಬ್ಯಾರೆ ಹೆಸರ ಸಿಗಲಿಲ್ಲೇನ ಅವರಿಗೆ!" ಯಾರೋ ಮನೆ ಮುರಿಯಲಿಕ್ಕೇ ಆ ಹೆಸರಿಟ್ಟಿದ್ದಾರೆ ಅನ್ನುವ ಹಾಗೆ ಅವ್ವ ಸಿಟ್ಟಾದಳು. ಆ ಸಿಟ್ಟು ವೈನಿಯ ಮೇಲಿನದಲ್ಲ ಅಂತ ಮೂವರಿಗೂ ಗೊತ್ತಾಯಿತು. ಅವ್ವನಿಗೆ ತಪ್ಪಾಯಿತು ಅನ್ನಲು ಬರುವುದಿಲ್ಲ, ಆ ಶಬ್ದ ಆಕೆಯ ಬಾಯಲ್ಲಿ ಹುಟ್ಟಿಯೇ ಇಲ್ಲ. ಹಗ್ಗ ಸುತ್ತಿ ವೈನಿಯ ಕೈಗೆ ಕೊಟ್ಟು, "ನಾಳಿಂದ ರೊಟ್ಟಿ ನಾ ಬಡೀತೇನಿ. ನೀ ಈ ಕತ್ತಿ ಹಿಡಿ," ಅಂದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದಳು. "ಅಲ್ಲ, ಲೆಕ್ಕದಾಗ ನನ್ನೆಲ್ಲೆ ಕುಂದರ್ಸೀರಿ?"

"ಗೂಟದಿಂದ ಐದ ಮೀಟರ್ ದೂರ್ರಿ ಅತ್ತಿ."

"ಅಷ್ಟ್ಯಾಕ ದೂರ? ಸನೇಕ ಕುಂದರಸ್ರಿ."

"ಸನೇಕ ಕುಂತ್ರ ಟಗರ ಹಾಯ್ತೈತ್ರಿ."

"ಹಾಯ್ಲಿ ತಗಿ. ಅದಕ್ಕ ಇಂವ ಅದಾನಲ್ಲ."

ಅವತ್ತು ಮಧ್ಯಾಹ್ನ ವೈನಿ ಅದೇ ಲೆಕ್ಕವನ್ನು ಮುಂದುವರಿಸಿದರು. ಟಗರು ಅವ್ವನಿಗೆ ಅತಿ ಹತ್ತಿರ ಬಂದ ಗಳಿಗೆಯಲ್ಲಿ ಅಂತರದ ವೇಗ ಎಷ್ಟು? ನಾನು ರೇಡಿಯನ್ ಹಾಕಿ, ಎರಡು ಸಲ ನೋಡಿ, ಸೊನ್ನೆ ಅಂದೆ. ಟಗರು ಓಡುತ್ತಲೇ ಇರುತ್ತದೆ, ಆದರೆ ಆ ಒಂದು ಗಳಿಗೆ ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಯಾಕೋ ಆ ಸೊನ್ನೆ ನನಗೆ ಬಹಳ ಸೇರಿತು. ಒಳಗೆ ಅವ್ವ ಹಾಡಿಕೊಳ್ಳುತ್ತಾ ಪಾತ್ರೆ ತೊಳೆಯುತ್ತಿದ್ದಳು. ಹೊಸಿಲ ಮೇಲೆ ಕೂತ ವೈನಿ ಒಂದು ಕಿವಿ ಅತ್ತ ಕೊಟ್ಟು ನನ್ನ ಹಾಳೆ ತಿದ್ದುತ್ತಿದ್ದರು.

ಪರೀಕ್ಷೆ ಗೋಕಾಕದಲ್ಲಿ ಆಯಿತು. ಸುತ್ತುವ ಲೆಕ್ಕ ಬರಲೇ ಇಲ್ಲ. ಟಗರಿನಿಂದ ಅಷ್ಟೊಂದು ಹಾಯಿಸಿಕೊಂಡಿದ್ದಕ್ಕೆ ಬಂದದ್ದು ಗೋಡೆಗೆ ಆನಿಸಿದ ಏಣಿ ಜಾರುವ ಲೆಕ್ಕ. ಸಿಟ್ಟಿನಲ್ಲೇ ಬಿಡಿಸಿದೆ. ನಾನು ಪಾಸಾದೆ ಅನ್ನುವುದನ್ನು ಮೊದಲು ಯಾರೂ ನಂಬಲಿಲ್ಲ, ನಾನೇ ಹೇಳಿದ್ದೆನಲ್ಲ, ಅದಕ್ಕೆ. ಅಣ್ಣ ಮೊಬೈಲಿನಲ್ಲಿ ಸ್ವತಃ ನೋಡಿ, ಇನ್ನೊಮ್ಮೆ ನೋಡಿ, ವೈನಿಯತ್ತ ತಿರುಗಿ ನಿಂತ. ಕಣ್ಣಲ್ಲಿ ನೀರಿತ್ತು. "ಧೂಳ ಬಿತ್ತು" ಅಂದ. ಮನೆಯೊಳಗೆ.

ವೈನಿ ಬಿ.ಎಡ್.ಗೆ ಹೊರಟ ಮೊದಲ ಬೆಳಿಗ್ಗೆ ಅವ್ವ ತಾನೇ ಬುತ್ತಿ ಕಟ್ಟಿದಳು. ನಾನು ಬಸ್ಸಿನವರೆಗೆ ಚೀಲ ಹೊತ್ತೆ. ಗೋಕಾಕದ ಬಸ್ಸು ಬಂದು, ವೈನಿ ಕಿಟಕಿಯ ಹತ್ತಿರ ಕೂತರು. ಕೈ ಬೀಸುವಾಗ ಬೆರಳಿಗೆ ಇನ್ನೂ ಸ್ವಲ್ಪ ಜೋಳದ ಹಿಟ್ಟು ಹತ್ತಿಕೊಂಡಿತ್ತು. ಅವ್ವ ಅಷ್ಟು ಬೇಡ ಅಂದರೂ ಎರಡು ರೊಟ್ಟಿ ಬಡಿದೇ ಬಂದಿದ್ದರು.

ನಾನು ತಿರುಗಿ ಬರುವಾಗ ಅವ್ವ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ಟಗರು ಎದುರಿಗೆ ತನ್ನ ಸುತ್ತು ಹಾಕುತ್ತಿತ್ತು.

"ಹ್ವಾದ್ಳೇನು?"

"ಹ್ವಾದ್ರ ಬೇ."

"ಈಗ ಕಲಿಯಾಕ ಹ್ವಾದದ್ದೂ ಡಿಗ್ರಿ ಏನೋ?"

"ಹೂನ ಬೇ. ಅದೂ ಡಿಗ್ರಿನ."

ಅವ್ವ ಟಗರಿನತ್ತ ತಿರುಗಿದಳು. ಆಮೇಲೆ ಹೇಳಿದಳು, "ಸಂಜಿಕ ಬಂದ ಮ್ಯಾಲ ಹೇಳ ಆಕಿಗೆ. ಅದನ್ನರ ಬಿಡಬ್ಯಾಡ ಅಂತ."